ಮೋಟಾರು, ನಿಯಂತ್ರಕ ಮತ್ತು ನಡುವಣ ಗೋಡೆ: ಪೇಟೆಂಟು ಪರೀಕ್ಷೆಯ ಒಂದು ಪಾಠ

ಪೀಠಿಕೆ

'ಪರೀಕ್ಷೆ' ಎಂಬ ಪದವು ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಪಠ್ಯಪುಸ್ತಕದಲ್ಲಿರುವ ವಿಷಯವನ್ನು ಚೆನ್ನಾಗಿ ಗ್ರಹಿಸಿ ಬರೆದವರಿಗೆ ಶಾಲೆಯ ಪರೀಕ್ಷೆಯಲ್ಲಿ ಅಂಕಗಳು ದೊರೆಯುತ್ತವೆ. ಲೋಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಪರೀಕ್ಷೆಯೂ ಉಂಟು. ಅಲ್ಲಿ ಬರೆದ ವಿಷಯವು ಪ್ರಪಂಚದ ಯಾವುದೇ ಭಾಷೆಯ ಯಾವುದೇ ಪುಸ್ತಕದಲ್ಲಿ ಮೊದಲೇ ಅಚ್ಚಾಗಿದೆಯೆಂದು ಕಂಡುಬಂದರೆ ಬರೆದವನು ಅನುತ್ತೀರ್ಣನಾಗುತ್ತಾನೆ. ಅದುವೇ ಪೇಟೆಂಟು ಪರೀಕ್ಷೆ. ಹೊಸ ಯಂತ್ರವೊಂದನ್ನು ರೂಪಿಸಿದೆನೆಂದು ಹೇಳುವವನ ಮಾತಿನಲ್ಲಿ ಹೊಸತೆಷ್ಟು, ಹಳತೆಷ್ಟು ಎಂಬುದನ್ನು ತೂಗಿ ನೋಡುವ ಕಾರ್ಯವಿದು.

ಕಾನೂನಿನ ಸೂತ್ರಗಳನ್ನು ಮಾತ್ರ ಹೇಳಿದರೆ ಈ ವಿಷಯವು ಒಣ ಚರ್ಚೆಯಾಗಿ ಉಳಿದೀತು. ಆದುದರಿಂದ ಪ್ರಸ್ತುತ ಲೇಖನದಲ್ಲಿ ಒಂದು ಉದಾಹರಣೆಯನ್ನು ಆರಿಸಿಕೊಂಡು, ಅದನ್ನು ಪರೀಕ್ಷಕರ ಮೇಜಿನವರೆಗೆ ಕೊಂಡೊಯ್ಯಲಾಗಿದೆ. ತನ್ನ ಕವಚದೊಳಗೆಯೇ ನಿಯಂತ್ರಕವನ್ನು ಅಡಕಗೊಳಿಸಿಕೊಂಡು, ಆ ನಿಯಂತ್ರಕಕ್ಕೆ ಉಷ್ಣನಿರೋಧಕ ಗೋಡೆಯ ರಕ್ಷಣೆಯಿತ್ತ ವಿದ್ಯುತ್ ಮೋಟಾರೇ ಆ ಉದಾಹರಣೆ. ಇಲ್ಲಿ ಬರುವ ಅರ್ಜಿಯೂ ಅದಕ್ಕೆದುರಾಗಿ ತೋರಿಸುವ ಹಳೆಯ ದಾಖಲೆಗಳೂ ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡವು. ಆದರೆ ಭೌತಶಾಸ್ತ್ರವೂ ಕಾನೂನೂ ವಾಸ್ತವವಾದವು.

ಪೇಟೆಂಟು ಎಂದರೇನು?

ಪೇಟೆಂಟು ಎಂಬುದು 'ತೆರೆದ' ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ಎಲ್ಲರೂ ಓದಬಹುದಾದಂತೆ ತೆರೆದಿಟ್ಟ ರಾಜಪತ್ರಕ್ಕೆ ಹಿಂದೆ ಈ ಹೆಸರಿತ್ತು. ಇಂದಿಗೂ ಪೇಟೆಂಟಿನ ತಿರುಳು ಈ ತೆರೆದಿಡುವಿಕೆಯೇ ಆಗಿದೆ. ಆವಿಷ್ಕಾರಕನು ತನ್ನ ಗುಟ್ಟನ್ನು ಸಮಾಜಕ್ಕೆ ಪೂರ್ಣವಾಗಿ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಸಮಾಜವು ನಿಯತ ಕಾಲದವರೆಗೆ ಅನ್ಯರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕನ್ನು ಅವನಿಗೆ ಕೊಡುತ್ತದೆ. ಕಾಲ ಮುಗಿದ ಬಳಿಕ ಆ ಜ್ಞಾನವು ಸರ್ವರ ಸೊತ್ತಾಗುತ್ತದೆ.

ಭಾರತದಲ್ಲಿ ಈ ವಿಷಯದ ಮೊದಲ ಕಾಯಿದೆ ಬಂದುದು 1856ರಲ್ಲಿ. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಸಲ್ಲಿಸಿದ ವರದಿಯನ್ನು ಆಧರಿಸಿ 1970ರ ಪೇಟೆಂಟು ಕಾಯಿದೆ ರೂಪುಗೊಂಡಿತು; 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. 1999, 2002 ಮತ್ತು 2005ರಲ್ಲಿ ಅದಕ್ಕೆ ಮಹತ್ವದ ತಿದ್ದುಪಡಿಗಳಾದವು. ಈಗ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಇಪ್ಪತ್ತು ವರ್ಷಗಳ ಕಾಲ ಇತರರೆಲ್ಲರ ಕೈಕಟ್ಟುವ ಹಕ್ಕನ್ನು ಕೊಡುವಾಗ ಅದಕ್ಕೆ ತಕ್ಕ ಹೊಸ ಜ್ಞಾನವು ಸಮಾಜಕ್ಕೆ ದೊರೆಯುತ್ತಿದೆಯೇ ಎಂದು ನೋಡಬೇಡವೇ? ಈ ಲೆಕ್ಕವನ್ನು ಸಮಾಜದ ಪರವಾಗಿ ನೋಡುವವರೇ ಪೇಟೆಂಟು ಪರೀಕ್ಷಕರು.

ಮೋಟಾರಿಗೆ ನಿಯಂತ್ರಕವೇಕೆ?

ಅಮೆರಿಕದ ವರ್ಮಾಂಟ್ ಪ್ರಾಂತದ ಕಮ್ಮಾರ ಥಾಮಸ್ ಡೆವನ್‌ಪೋರ್ಟ್ 1837ರ ಫೆಬ್ರವರಿ 25ರಂದು ತನ್ನ ವಿದ್ಯುತ್ ಮೋಟಾರಿಗೆ ಪೇಟೆಂಟು ಪಡೆದನು. ಹಳೆಯ ಮಾದರಿಯ ನೇರವಿದ್ಯುತ್ ಮೋಟಾರುಗಳಲ್ಲಿ ತಿರುಗುವ ಸುರುಳಿಗೆ ವಿದ್ಯುತ್ತಿನ ದಿಕ್ಕನ್ನು ಸಕಾಲದಲ್ಲಿ ಬದಲಿಸಿಕೊಡುವ ಕೆಲಸವನ್ನು ಕಮ್ಯುಟೇಟರ್ ಎಂಬ ತಾಮ್ರದ ಉಂಗುರವೂ ಅದಕ್ಕೆ ಒರಸುವ ಕಾರ್ಬನ್ ಬ್ರಷ್‌ಗಳೂ ಮಾಡುತ್ತವೆ. ಬ್ರಷ್ ಸವೆಯುತ್ತದೆ, ಕಿಡಿ ಹಾರುತ್ತದೆ, ಶಬ್ದವಾಗುತ್ತದೆ.

ಬ್ರಷ್‌ರಹಿತ ಮೋಟಾರಿನಲ್ಲಿ ಈ ವ್ಯವಸ್ಥೆಯನ್ನು ತಿರುವುಮುರುವು ಮಾಡಲಾಗಿದೆ. ತಾಮ್ರದ ಸುರುಳಿಗಳು ಸ್ಟೇಟರ್ ಎನಿಸುವ ಸ್ಥಿರಭಾಗದಲ್ಲಿರುತ್ತವೆ. ಕಾಯಮಾಗಿ ಅಯಸ್ಕಾಂತತ್ವವುಳ್ಳ ತುಂಡುಗಳು ರೋಟರ್ ಎನಿಸುವ ತಿರುಗುಭಾಗದಲ್ಲಿರುತ್ತವೆ. ಯಾವ ಕ್ಷಣದಲ್ಲಿ ಯಾವ ಸುರುಳಿಗೆ ವಿದ್ಯುತ್ತನ್ನು ಹಾಯಿಸಬೇಕೆಂಬುದನ್ನು ಒಂದು ಎಲೆಕ್ಟ್ರಾನಿಕ್ ಮಂಡಲವು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳು ಸ್ವಿಚ್ಚುಗಳಂತೆ ತೆರೆದು ಮುಚ್ಚುತ್ತ ಮೂರು ಸುರುಳಿಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಂಚುತ್ತವೆ. ಇದೇ ನಿಯಂತ್ರಕ. ಇದಿಲ್ಲದೆ ಆ ಮೋಟಾರು ತಿರುಗದು. ಇಂದು ಮಾರುಕಟ್ಟೆಯಲ್ಲಿರುವ ಬಿ.ಎಲ್.ಡಿ.ಸಿ. ಸೀಲಿಂಗ್ ಫ್ಯಾನುಗಳು ಈ ಜಾತಿಯವು. ಹಳೆಯ ಮಾದರಿಯ ಫ್ಯಾನು ಸುಮಾರು 70ರಿಂದ 80 ವಾಟ್ ವಿದ್ಯುತ್ತನ್ನು ಬಳಸಿದರೆ, ಅಷ್ಟೇ ಗಾಳಿಗೆ ಇವು ಸುಮಾರು 30 ವಾಟ್‌ನಲ್ಲಿ ತೃಪ್ತವಾಗುತ್ತವೆ.

ನಿಯಂತ್ರಕವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಉದ್ದ ತಂತಿಗಳಿಂದ ಮೋಟಾರಿಗೆ ಜೋಡಿಸಬಹುದು. ಆದರೆ ತಂತಿ ಉದ್ದವಾದಷ್ಟೂ ಸುತ್ತಲಿನ ರೇಡಿಯೋ ಮೊದಲಾದ ಉಪಕರಣಗಳಿಗೆ ವಿದ್ಯುತ್ಕಾಂತೀಯ ಉಪದ್ರವ ಹೆಚ್ಚುತ್ತದೆ. ಜೋಡಣೆಗಳು ಹೆಚ್ಚಿದಷ್ಟೂ ನೀರು, ಧೂಳು ನುಗ್ಗುವ ಎಡೆಗಳೂ ಹೆಚ್ಚುತ್ತವೆ. ಎರಡನ್ನೂ ಒಂದೇ ಕವಚದಲ್ಲಿ ಕೂಡಿಸಿದರೆ ಈ ತೊಂದರೆಗಳು ಕಡಿಮೆಯಾಗುತ್ತವೆ. ಆಗ ಹೊಸದೊಂದು ತೊಂದರೆ ತಲೆಯೆತ್ತುತ್ತದೆ. ಅದುವೇ ಉಷ್ಣ.

ಉಷ್ಣದ ಲೆಕ್ಕಾಚಾರ

ನಿಯಂತ್ರಕಕ್ಕೆ 1,000 ವಾಟ್ ವಿದ್ಯುತ್ತನ್ನು ಕೊಟ್ಟೆವೆಂದು ಭಾವಿಸೋಣ. ಅದರಲ್ಲಿ ನೂರಕ್ಕೆ 3ರಷ್ಟು, ಅಂದರೆ 30 ವಾಟ್, ನಿಯಂತ್ರಕದಲ್ಲಿಯೇ ಉಷ್ಣವಾಗುವುದೆಂದು ಎಣಿಸೋಣ. ಉಳಿದ 970 ವಾಟ್ ಮೋಟಾರನ್ನು ಸೇರುತ್ತದೆ. ಮೋಟಾರಿನ ದಕ್ಷತೆ ನೂರಕ್ಕೆ 90 ಎಂದರೆ ಅದರಲ್ಲಿ 97 ವಾಟ್ ಉಷ್ಣವಾಗುತ್ತದೆ. ಒಂದೇ ಕವಚದಲ್ಲಿ ಮೂರು ಪಾಲಿಗಿಂತ ಹೆಚ್ಚು ಉಷ್ಣವನ್ನು ಹೊಮ್ಮಿಸುವ ಮೋಟಾರು ಒಂದೆಡೆ, ಒಂದು ಪಾಲು ಉಷ್ಣದ ನಿಯಂತ್ರಕ ಇನ್ನೊಂದೆಡೆ.

ಇಬ್ಬರ ಸಹನಶಕ್ತಿಯೂ ಒಂದೇ ಆಗಿಲ್ಲ. ಮೋಟಾರಿನ ಸುರುಳಿಯ ನಿರೋಧಕ ಲೇಪಕ್ಕೆ ದರ್ಜೆಗಳಿವೆ: ಬಿ ದರ್ಜೆ 130 ಡಿಗ್ರಿ ಸೆಲ್ಸಿಯಸ್‌ವರೆಗೆ, ಎಫ್ ದರ್ಜೆ 155, ಎಚ್ ದರ್ಜೆ 180 ಡಿಗ್ರಿಯವರೆಗೆ ತಾಳುತ್ತದೆ. ನಿಯಂತ್ರಕದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಾದರೋ ಸಾಮಾನ್ಯವಾಗಿ 85 ಅಥವಾ 105 ಡಿಗ್ರಿಗೆ ನಿಗದಿಯಾದವು. ಉಷ್ಣತೆಯು ಪ್ರತಿ 10 ಡಿಗ್ರಿ ಏರಿದಾಗ ಇವುಗಳ ಆಯುಸ್ಸು ಸುಮಾರಾಗಿ ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರು 85 ಡಿಗ್ರಿಯಲ್ಲಿ ಸುಮಾರು 8,000 ಗಂಟೆ, 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳೀತು. ಮೋಟಾರಿಗೆ ಹಿತವೆನಿಸುವ ಬಿಸಿಯೇ ನೆರೆಮನೆಯ ಕೆಪಾಸಿಟರಿಗೆ ಮಾರಕವಾಗುತ್ತದೆ. ಆದುದರಿಂದಲೇ ನಡುವೆ ಗೋಡೆಯೊಂದು ಬೇಕಾಯಿತು.

ಗೋಡೆಯನ್ನು ಯಾವುದರಿಂದ ಕಟ್ಟಬೇಕು? 10 ಸೆಂಟಿಮೀಟರ್ ಉದ್ದಗಲದ, 5 ಮಿಲಿಮೀಟರ್ ದಪ್ಪದ ಗೋಡೆಯ ಒಂದು ಮಗ್ಗುಲಲ್ಲಿ 120 ಡಿಗ್ರಿ, ಇನ್ನೊಂದು ಮಗ್ಗುಲಲ್ಲಿ 80 ಡಿಗ್ರಿ ಇದೆಯೆನ್ನೋಣ. ಉಷ್ಣವಹನದ ಸೂತ್ರ ಶಾಲೆಯಲ್ಲಿ ಕಲಿತದ್ದೇ: ವಾಹಕತೆಯನ್ನು ವಿಸ್ತೀರ್ಣದಿಂದಲೂ ಉಷ್ಣತೆಯ ಅಂತರದಿಂದಲೂ ಗುಣಿಸಿ, ದಪ್ಪದಿಂದ ಭಾಗಿಸಬೇಕು. ಪ್ಲಾಸ್ಟಿಕ್ಕಿನ ವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.2 ವಾಟ್, ಆಗ ಗೋಡೆಯನ್ನು ದಾಟುವ ಉಷ್ಣ 16 ವಾಟ್. ನಿಶ್ಚಲವಾದ ಗಾಳಿಯ ವಾಹಕತೆ ಸುಮಾರು 0.026, ವಹನದಿಂದ ದಾಟುವುದು ಸುಮಾರು 2 ವಾಟ್ ಮಾತ್ರ. ಅಲ್ಯೂಮಿನಿಯಂ ಆದರೆ ವಾಹಕತೆ ಸುಮಾರು 200. ಸೂತ್ರದಂತೆ 16,000 ವಾಟ್ ದಾಟಬೇಕು. ಮೋಟಾರಿನಲ್ಲಿ ಅಷ್ಟು ಉಷ್ಣವೇ ಇಲ್ಲದಿರುವುದರಿಂದ ಎರಡು ಮಗ್ಗುಲೂ ಹೆಚ್ಚುಕಡಿಮೆ ಸಮನಾಗಿ ಕಾಯುವುವು, ಅಷ್ಟೇ.

ಇಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. ಗೋಡೆಯು ಮೋಟಾರಿನ ಬಿಸಿಯನ್ನು ತಡೆಯಿತು, ನಿಜ. ಆದರೆ ನಿಯಂತ್ರಕದ ಸ್ವಂತ 30 ವಾಟ್ ಉಷ್ಣಕ್ಕೆ ದಾರಿ ಯಾವುದು? ನೆರೆಯವನ ಹೊಗೆ ಬರದಿರಲೆಂದು ಕಿಟಕಿ ಮುಚ್ಚಿಕೊಂಡವನು ತನ್ನ ಒಲೆಯ ಹೊಗೆಯಲ್ಲಿ ಕೆಮ್ಮಿದಂತೆ, ನಿಯಂತ್ರಕವು ತನ್ನದೇ ಬಿಸಿಯಲ್ಲಿ ಬೇಯುತ್ತದೆ. ಮುಂದೆ ಪರೀಕ್ಷೆಯ ಫಲಿತಾಂಶವು ನಿಲ್ಲುವುದು ಈ ಅಂಶದ ಮೇಲೆಯೇ ಆದುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕಾಗಿ ವಿನಂತಿ.

ಅರ್ಜಿಯ ಹೃದಯ: ಹಕ್ಕುಕೋರಿಕೆ

ಪೇಟೆಂಟು ಅರ್ಜಿಯ ಜೊತೆಗೆ ವಿವರಣಪತ್ರವೊಂದಿರುತ್ತದೆ. ಆವಿಷ್ಕಾರವನ್ನು ಆ ಕ್ಷೇತ್ರದ ನುರಿತ ವ್ಯಕ್ತಿಯೊಬ್ಬನು ಓದಿ ತಾನೇ ಮಾಡಬಲ್ಲಷ್ಟು ವಿವರವಾಗಿ ಅದರಲ್ಲಿ ಬರೆಯಬೇಕು. ತನಗೆ ತಿಳಿದ ಅತ್ಯುತ್ತಮ ವಿಧಾನವನ್ನು ಬಚ್ಚಿಡಬಾರದು. ವಿವರಣಪತ್ರದ ಕೊನೆಯಲ್ಲಿ ಹಕ್ಕುಕೋರಿಕೆಗಳು ಬರುತ್ತವೆ. ಜಮೀನಿನ ದಾಖಲೆಯಲ್ಲಿ ಚತುಸ್ಸೀಮೆ ಬರೆಯುವಂತೆ, ತನ್ನ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಪದಗಳಲ್ಲಿ ಗೆರೆಯೆಳೆದು ತೋರಿಸುವ ವಾಕ್ಯಗಳಿವು.

ನಮ್ಮ ಕಲ್ಪಿತ ಅರ್ಜಿದಾರನ ಮೊದಲ ಹಕ್ಕುಕೋರಿಕೆ ಹೀಗಿದೆಯೆನ್ನೋಣ: "ಒಂದು ಕವಚ, ಅದರೊಳಗೆ ಸ್ಟೇಟರ್ ಮತ್ತು ರೋಟರ್, ಅದೇ ಕವಚದೊಳಗೆ ಒಂದು ನಿಯಂತ್ರಕ, ನಿಯಂತ್ರಕಕ್ಕೂ ಸ್ಟೇಟರಿಗೂ ನಡುವೆ ಉಷ್ಣನಿರೋಧಕ ಗೋಡೆ, ಇವುಗಳಿಂದ ಕೂಡಿದ ವಿದ್ಯುತ್ ಮೋಟಾರು." ವಾಕ್ಯವು ಚಿಕ್ಕದು, ಆದರೆ ಅದು ಆವರಿಸುವ ಜಮೀನು ಬಹು ವಿಶಾಲವಾದುದು. ಫ್ಯಾನು, ಪಂಪು, ಸ್ಕೂಟರು, ಯಾವುದರಲ್ಲಿಯಾದರೂ ಸರಿ, ಯಾವ ವಸ್ತುವಿನ ಗೋಡೆಯಾದರೂ ಸರಿ, ಎಲ್ಲವೂ ಇದರೊಳಗೆ ಬೀಳುತ್ತವೆ. ಇದು ಮಂಜೂರಾದರೆ ಇಪ್ಪತ್ತು ವರ್ಷಗಳ ಕಾಲ ಊರಿನ ಸಣ್ಣ ತಯಾರಕನೊಬ್ಬನು ತನ್ನ ಮೋಟಾರಿನೊಳಗೆ ಒಂದು ತುಂಡು ನಿರೋಧಕ ಹಾಳೆಯನ್ನಿಡಲೂ ಅನುಮತಿ ಕೇಳಬೇಕಾದೀತು. ಪರೀಕ್ಷೆಯ ಅಗತ್ಯವು ಇಲ್ಲಿ ಸ್ಪಷ್ಟವಾಗುತ್ತದೆ.

ಪರೀಕ್ಷಕರ ಪ್ರಶ್ನೆಗಳು

ಅರ್ಜಿಯು ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ. ಪರೀಕ್ಷೆ ತಾನಾಗಿ ನಡೆಯದು. ಅದಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರ ನಿಯಮ ತಿದ್ದುಪಡಿಯಂತೆ ಹೊಸ ಅರ್ಜಿಗಳಿಗೆ ಈ ಕೋರಿಕೆಯ ಗಡುವು 31 ತಿಂಗಳು. ಮೊದಲು 48 ತಿಂಗಳಿತ್ತು. ಅನಂತರ ಪರೀಕ್ಷಕರು ಹಳೆಯ ಪೇಟೆಂಟುಗಳು, ಪುಸ್ತಕಗಳು, ನಿಯತಕಾಲಿಕೆಗಳು ಮುಂತಾದ ಪೂರ್ವಜ್ಞಾನವನ್ನೆಲ್ಲ ಶೋಧಿಸಿ ಪ್ರಥಮ ಪರೀಕ್ಷಾ ವರದಿಯನ್ನು ಸಿದ್ಧಪಡಿಸುತ್ತಾರೆ. ಅವರ ಮುಖ್ಯ ಪ್ರಶ್ನೆಗಳು ಮೂರು.

ಮೊದಲನೆಯದು, ಇದು ನವೀನವೇ? ಶೋಧದಲ್ಲಿ ಎರಡು ದಾಖಲೆಗಳು ದೊರೆತುವೆನ್ನೋಣ. ಮೊದಲ ದಾಖಲೆಯಲ್ಲಿ ಮೋಟಾರೂ ನಿಯಂತ್ರಕವೂ ಒಂದೇ ಕವಚದಲ್ಲಿವೆ. ಆದರೆ ನಡುವೆ ಇರುವುದು ಅಲ್ಯೂಮಿನಿಯಂ ತಟ್ಟೆ. ಎರಡನೆಯ ದಾಖಲೆಯಲ್ಲಿ ವಿದ್ಯುತ್ ಒಲೆಯೊಂದರ ಎಲೆಕ್ಟ್ರಾನಿಕ್ ಮಂಡಲವನ್ನು ಕಾವಿನಿಂದ ಕಾಪಾಡಲು ನಿರೋಧಕ ಗೋಡೆಯನ್ನಿಟ್ಟಿದ್ದಾರೆ, ಅಲ್ಲಿ ಮೋಟಾರಿಲ್ಲ. ನವೀನತೆಯನ್ನು ಅಳೆಯುವಾಗ ಒಂದೊಂದು ದಾಖಲೆಯನ್ನೂ ಬಿಡಿಯಾಗಿ ನೋಡಬೇಕು. ಎರಡನ್ನು ಹೊಲಿದು ಒಂದಾಗಿಸುವಂತಿಲ್ಲ. ಎಲ್ಲ ಅಂಗಗಳೂ ಒಂದೇ ದಾಖಲೆಯಲ್ಲಿ ಇಲ್ಲವಾದುದರಿಂದ ನಮ್ಮ ಅರ್ಜಿದಾರನು ಈ ಪ್ರಶ್ನೆಯಲ್ಲಿ ತೇರ್ಗಡೆಯಾಗುತ್ತಾನೆ.

ಎರಡನೆಯದು, ಇದರಲ್ಲಿ ಆವಿಷ್ಕಾರದ ಹೆಜ್ಜೆ ಇದೆಯೇ? ಕಾಯಿದೆಯ 2ನೆಯ ಪ್ರಕರಣದ ನಿರೂಪಣೆಯಂತೆ, ಇದ್ದ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆಯನ್ನೋ ಆರ್ಥಿಕ ಮಹತ್ವವನ್ನೋ ಎರಡನ್ನೋ ಹೊಂದಿದ್ದು, ಆ ಕ್ಷೇತ್ರದ ನುರಿತ ವ್ಯಕ್ತಿಗೆ ಸಹಜವಾಗಿ ಹೊಳೆಯದಂಥ ಅಂಶವೊಂದು ಅದರಲ್ಲಿರಬೇಕು. ಇಲ್ಲಿ ದಾಖಲೆಗಳನ್ನು ಕೂಡಿಸಿ ನೋಡಬಹುದು. ಮೊದಲ ದಾಖಲೆಯ ಮೋಟಾರನ್ನು ಕೈಯಲ್ಲಿ ಹಿಡಿದ ನುರಿತ ತಂತ್ರಜ್ಞನಿಗೆ ಕೆಪಾಸಿಟರುಗಳು ಬೇಗನೆ ಕೆಡುತ್ತಿರುವುದು ಕಾಣುತ್ತದೆ. ಬಿಸಿಯೇ ಕಾರಣವೆಂದು ತಿಳಿಯುತ್ತದೆ. ಬಿಸಿ ಬರುವೆಡೆಯಲ್ಲಿ ನಿರೋಧಕವನ್ನಿಡುವುದು ಬಿಸಿಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸುವಷ್ಟೇ ಸಹಜವಾದ ಯೋಚನೆ. ಆದುದರಿಂದ ಮೊದಲ ಹಕ್ಕುಕೋರಿಕೆಗೆ ಆಕ್ಷೇಪಣೆ ಬರುತ್ತದೆ. ಅಲ್ಲದೆ, ತಂತಮ್ಮ ಹಳೆಯ ಕೆಲಸವನ್ನೇ ಸ್ವತಂತ್ರವಾಗಿ ಮಾಡುವ ಪರಿಚಿತ ಸಾಧನಗಳ ಬರಿಯ ಜೋಡಣೆಯು ಆವಿಷ್ಕಾರವಲ್ಲವೆಂದು 3(ಎಫ್) ಪ್ರಕರಣವು ಹೇಳುತ್ತದೆ. ಮೋಟಾರು ತಿರುಗಿತು, ಗೋಡೆ ತಡೆಯಿತು. ಒಂದರಿಂದ ಇನ್ನೊಂದಕ್ಕೆ ಹೊಸ ಗುಣವೇನೂ ಬರಲಿಲ್ಲ.

ಮೂರನೆಯದು, ಇದು ಕೈಗಾರಿಕೆಯಲ್ಲಿ ಬಳಕೆಗೆ ಬರುವಂಥದೇ? ಮೋಟಾರಿನ ವಿಷಯದಲ್ಲಿ ಇದಕ್ಕೆ ಸಂಶಯವಿಲ್ಲ.

ನ್ಯಾಯಾಲಯಗಳ ಎರಡು ತೀರ್ಪುಗಳು

ಹಳೆಯ ಅಂಗಗಳ ಹೊಸ ಕೂಟವು ಯಾವಾಗ ಆವಿಷ್ಕಾರವೆನಿಸುತ್ತದೆ ಎಂಬ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆ 1978ರಲ್ಲಿ ಬಂದಿತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದುಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ಆ ಮೊಕದ್ದಮೆಯ ವಸ್ತು, ಲೋಹದ ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ಕಡೆಯುವಾಗ ಹಿಡಿದುಕೊಳ್ಳುವ ಒಂದು ಸಾಧನ. ತಿಳಿದ ಅಂಗಗಳನ್ನು ಕೂಡಿಸಿದಾಗ ಅದು ಕೇವಲ ಕಾರ್ಯಾಗಾರದ ಸುಧಾರಣೆಗಿಂತ ಮಿಗಿಲಾಗಿರಬೇಕು. ಹೊಸ ಫಲವನ್ನೋ, ಹೊಸ ವಸ್ತುವನ್ನೋ, ಮೊದಲಿಗಿಂತ ಉತ್ತಮವಾದ ಇಲ್ಲವೆ ಅಗ್ಗವಾದ ವಸ್ತುವನ್ನೋ ಕೊಡಬೇಕು ಎಂಬುದು ನ್ಯಾಯಾಲಯವು ಎತ್ತಿಹಿಡಿದ ತತ್ತ್ವ. ಆ ಸಾಧನದಲ್ಲಿ ಅಂಥ ಹೆಜ್ಜೆ ಕಾಣಲಿಲ್ಲವಾಗಿ ಪೇಟೆಂಟು ಉಳಿಯಲಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟು 2007ರ ಏಪ್ರಿಲ್ 30ರಂದು ಕೆ.ಎಸ್.ಆರ್. ಮತ್ತು ಟೆಲಿಫ್ಲೆಕ್ಸ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ನಮ್ಮ ಉದಾಹರಣೆಗೆ ಇನ್ನೂ ಹತ್ತಿರವಾದುದು. ಅಲ್ಲಿ ಹೊಂದಿಸಬಹುದಾದ ಕಾರಿನ ಪೆಡಲಿಗೆ ಎಲೆಕ್ಟ್ರಾನಿಕ್ ಸಂವೇದಕವೊಂದನ್ನು ಜೋಡಿಸಲಾಗಿತ್ತು. ಪೆಡಲೂ ಹಳೆಯದು, ಸಂವೇದಕವೂ ಹಳೆಯದು; ಎರಡನ್ನೂ ಕೂಡಿಸುವ ಅಗತ್ಯವನ್ನು ಮಾರುಕಟ್ಟೆಯೇ ತೋರಿಸಿಕೊಟ್ಟಿತ್ತು. ನುರಿತ ವ್ಯಕ್ತಿಯೆಂದರೆ ಬರಿಯ ಯಂತ್ರಮಾನವನಲ್ಲ, ಅವನಿಗೂ ಸಾಮಾನ್ಯ ಮಟ್ಟದ ಕಲ್ಪಕತೆ ಇರುತ್ತದೆ ಎಂಬ ಅರ್ಥದ ಮಾತನ್ನು ಆಡಿ ನ್ಯಾಯಾಲಯವು ಆ ಹಕ್ಕುಕೋರಿಕೆಯನ್ನು ಅಸಿಂಧುಗೊಳಿಸಿತು. ಎರಡು ದೇಶಗಳ ನ್ಯಾಯಾಲಯಗಳು ಬೇರೆ ಬೇರೆ ಕಾಲದಲ್ಲಿ ಒಂದೇ ದಿಕ್ಕಿಗೆ ಬೆರಳು ತೋರಿಸಿರುವುದು ಗಮನಾರ್ಹ.

ಅರ್ಜಿದಾರನ ಉತ್ತರ

ಆಕ್ಷೇಪಣೆ ಬಂದೊಡನೆ ಅರ್ಜಿಯು ಬಿದ್ದುಹೋಗುವುದಿಲ್ಲ. ಉತ್ತರಿಸಲು ಆರು ತಿಂಗಳ ಅವಕಾಶವಿದೆ. ಕೋರಿದರೆ ಇನ್ನೂ ಮೂರು ತಿಂಗಳು ದೊರೆಯುತ್ತದೆ. ಕಂಟ್ರೋಲರ್ ಎಂಬ ಅಧಿಕಾರಿಯ ಮುಂದೆ ವಾದ ಮಂಡಿಸುವ ಅವಕಾಶವೂ ಇದೆ. ಉತ್ತರವೆಂದರೆ ಬಹುಶಃ ಹಕ್ಕಿನ ಗಡಿಯನ್ನು ಹಿಂದಕ್ಕೆ ಸರಿಸಿ, ನಿಜವಾಗಿ ತನ್ನದಾದಷ್ಟನ್ನೇ ಉಳಿಸಿಕೊಳ್ಳುವುದು.

ನಮ್ಮ ಅರ್ಜಿದಾರನು ತನ್ನ ವಿವರಣಪತ್ರದಲ್ಲಿ ಮೊದಲೇ ಹೀಗೆ ಬರೆದಿದ್ದನೆನ್ನೋಣ: ಗೋಡೆಯು ಎರಡು ತೆಳುಪದರಗಳಿಂದಾಗಿದೆ, ಪದರಗಳ ನಡುವೆ ಗಾಳಿಯ ದಾರಿಯಿದೆ. ನಿಯಂತ್ರಕದ ಟ್ರಾನ್ಸಿಸ್ಟರುಗಳು ಕವಚದ ಹೊರಮುಚ್ಚಳಕ್ಕೆ ಅಂಟಿಕೊಂಡಿವೆ. ಆ ಮುಚ್ಚಳದ ಹೊರಮೈಯಲ್ಲಿ ಉಷ್ಣವನ್ನು ಚೆಲ್ಲುವ ಲೋಹದ ರೆಕ್ಕೆಗಳಿವೆ. ಮೋಟಾರಿನ ದಂಡದ ಮೇಲಿನ ಬೀಸಣಿಗೆಯು ಹೊರಗಿನ ತಂಪುಗಾಳಿಯನ್ನು ಮೊದಲು ಆ ರೆಕ್ಕೆಗಳ ಮೇಲೆ, ಅನಂತರ ಪದರಗಳ ನಡುವಣ ದಾರಿಯಲ್ಲಿ, ಕೊನೆಗೆ ಸ್ಟೇಟರಿನ ಮೇಲೆ ಹಾಯಿಸುತ್ತದೆ.

ಈಗ ಅಂಗಗಳು ಒಂದರೊಡನೊಂದು ಬೆಸೆದುಕೊಂಡು ಕೆಲಸ ಮಾಡುವುದನ್ನು ನೋಡಬಹುದು. ಮೋಟಾರು ತಿರುಗುತ್ತಿರುವಾಗ ಗೋಡೆಯ ನಡುವೆ ಹರಿಯುವ ಗಾಳಿಯು ದಾಟಲು ಬಂದ ಉಷ್ಣವನ್ನು ಹೊತ್ತೊಯ್ಯುತ್ತದೆ. ಮೋಟಾರು ನಿಂತಾಗ ಬೀಸಣಿಗೆಯೂ ನಿಲ್ಲುತ್ತದೆ. ಆದರೆ ಕಾದ ಸ್ಟೇಟರಿನಲ್ಲಿ ಸಂಗ್ರಹವಾದ ಉಷ್ಣವು ನಿಧಾನವಾಗಿ ಎಲ್ಲೆಡೆಗೆ ಹಬ್ಬತೊಡಗುತ್ತದೆ. ಆ ಗಂಡಾಂತರದ ಹೊತ್ತಿನಲ್ಲಿಯೇ ಪದರಗಳ ನಡುವಣ ಗಾಳಿ ನಿಶ್ಚಲವಾಗಿ ಉತ್ತಮ ನಿರೋಧಕವಾಗುತ್ತದೆ. ಒಂದೇ ಗೋಡೆ ಚಲನೆಯಲ್ಲಿ ಗಾಳಿಕೊಳವೆ, ವಿರಾಮದಲ್ಲಿ ಕೋಟೆ. ನಿಯಂತ್ರಕದ ಸ್ವಂತ 30 ವಾಟ್‌ಗೂ ಬೇರೆ ದಾರಿ ಸಿಕ್ಕಿತು. ಒಲೆಯ ದಾಖಲೆಯನ್ನು ಮೋಟಾರಿನ ದಾಖಲೆಗೆ ಜೋಡಿಸಿದ ಮಾತ್ರಕ್ಕೆ ಈ ಫಲವು ದೊರೆಯದು. ಹೀಗೆ ಸಂಕುಚಿತಗೊಂಡ ಹಕ್ಕುಕೋರಿಕೆಗೆ ಆವಿಷ್ಕಾರದ ಹೆಜ್ಜೆಯನ್ನು ವಾದಿಸಿ ತೋರಿಸುವ ಆಧಾರ ದೊರೆಯಿತು. ಇದೇ ವ್ಯವಸ್ಥೆಯು ಬೇರೆಲ್ಲಿಯಾದರೂ ಅಚ್ಚಾಗಿರುವುದು ಕಂಡುಬಂದರೆ ಮಾತ್ರ ಈ ಹಕ್ಕುಕೋರಿಕೆಯೂ ನಿಲ್ಲದು.

ಬರೆಯದೆ ಬಿಟ್ಟದ್ದು ಬಿಟ್ಟಂತೆಯೇ

ಇಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಕಾಯಿದೆಯ 59ನೆಯ ಪ್ರಕರಣದಂತೆ, ಮೂಲ ವಿವರಣಪತ್ರದಲ್ಲಿ ಸಾರರೂಪವಾಗಿಯಾದರೂ ಹೇಳಿರದ ವಿಷಯವನ್ನು ತಿದ್ದುಪಡಿಯ ಹೆಸರಿನಲ್ಲಿ ಒಳತರುವಂತಿಲ್ಲ. ಗಾಳಿಯ ದಾರಿಯನ್ನು ಅರ್ಜಿದಾರನು ಕಾರ್ಯಾಗಾರದಲ್ಲಿ ನಿಜವಾಗಿಯೂ ನಿರ್ಮಿಸಿದ್ದನೆನ್ನೋಣ. ಆದರೆ 'ಇದೇನು ದೊಡ್ಡ ಸಂಗತಿ' ಎಂದು ಬರೆಯದೆ ಬಿಟ್ಟಿದ್ದರೆ? ಯಂತ್ರವು ಎಷ್ಟೇ ಚೆನ್ನಾಗಿ ತಿರುಗಿದರೂ ಆ ಅಂಶವನ್ನು ಈ ಅರ್ಜಿಗೆ ಸೇರಿಸಿಕೊಳ್ಳುವ ದಾರಿ ಮುಚ್ಚಿರುತ್ತಿತ್ತು.

ವಿವರಣೆಯ ಪೂರ್ಣತೆಗೆ ಇನ್ನೊಂದು ನಿದರ್ಶನವನ್ನು ನೋಡೋಣ. ನಿಯಂತ್ರಕದಿಂದ ಸ್ಟೇಟರಿಗೆ ಮೂರು ತಾಮ್ರದ ತಂತಿಗಳು ಗೋಡೆಯನ್ನು ತೂರಿ ಹೋಗಲೇಬೇಕು. ಪ್ರತಿಯೊಂದರ ಅಡ್ಡಛೇದ 2 ಚದರ ಮಿಲಿಮೀಟರ್, ಉದ್ದ 3 ಸೆಂಟಿಮೀಟರ್, ತಾಮ್ರದ ಉಷ್ಣವಾಹಕತೆ ಸುಮಾರು 400 ಎಂದು ಹಿಡಿದರೆ, 40 ಡಿಗ್ರಿ ಅಂತರಕ್ಕೆ ಮೂರು ತಂತಿಗಳು ಸೇರಿ ಸುಮಾರು 3 ವಾಟ್ ಉಷ್ಣವನ್ನು ಸಾಗಿಸುತ್ತವೆ. ಅಂದರೆ 100 ಚದರ ಸೆಂಟಿಮೀಟರಿನ ಗಾಳಿಗೋಡೆಯಲ್ಲಿ ದಾಟುವುದಕ್ಕಿಂತ ಹೆಚ್ಚಿನ ಉಷ್ಣವು ಕಡ್ಡಿಯಷ್ಟು ದಪ್ಪದ ಮೂರು ತಂತಿಗಳಲ್ಲಿ ದಾಟಿಬಿಡುತ್ತದೆ! ತಂತಿಯನ್ನು ಹೇಗೆ ತೂರಿಸಬೇಕು, ಎಷ್ಟು ಉದ್ದ ಬಿಡಬೇಕು ಎಂಬುದನ್ನು ಹೇಳದ ವಿವರಣಪತ್ರವು ಗೋಡೆಯ ಗುಟ್ಟನ್ನು ಅರ್ಧವೇ ಹೇಳಿದಂತೆ. ನುರಿತ ವ್ಯಕ್ತಿಯು ಅದನ್ನು ಓದಿ ಹೇಳಿದ ಫಲವನ್ನು ಪಡೆಯಲಾರನಾದರೆ ವಿವರಣೆಯು ಅಪೂರ್ಣವೆಂಬ ಆಕ್ಷೇಪಣೆ ಬರಬಹುದು.

ಪರೀಕ್ಷಕರ ಜೊತೆಗೆ ಸಾರ್ವಜನಿಕರಿಗೂ ಇಲ್ಲಿ ಪಾತ್ರವಿದೆ. ಅರ್ಜಿಯು ಪ್ರಕಟವಾದ ಬಳಿಕ, ಮಂಜೂರಾಗುವ ಮುನ್ನ, ಯಾವ ವ್ಯಕ್ತಿಯಾದರೂ 25ನೆಯ ಪ್ರಕರಣದಡಿ ವಿರೋಧವನ್ನು ಸಲ್ಲಿಸಬಹುದು. 'ಇದು ಇಂಥ ಪುಸ್ತಕದಲ್ಲಿ ಇಂಥ ವರ್ಷವೇ ಬಂದಿದೆ' ಎಂದು ತೋರಿಸಬಲ್ಲ ಓದುಗನೊಬ್ಬನು ಇಡೀ ಸಮಾಜದ ಹಿತವನ್ನು ಕಾಯಬಲ್ಲನು.

ನಮ್ಮ ವಿದ್ಯಾರ್ಥಿಗಳಿಗೆ ಇದರಿಂದೇನು?

ಕಾಸರಗೋಡಿನ ತೋಟಗಳಲ್ಲಿ ಪಂಪಿನ ಮೋಟಾರು ಕಾದು ಕಾಯಿಲ್ ಸುಟ್ಟ ವಾಸನೆಯನ್ನು ಅರಿಯದ ಮನೆಗಳು ವಿರಳ. ಬಿಸಿಯೊಡನೆ ಹೋರಾಡುವ ಉಪಾಯಗಳು ನಮ್ಮ ಮಕ್ಕಳಿಗೂ ಹೊಳೆಯಬಹುದು. ಅವರಿಗೆ ಮೂರು ಮಾತುಗಳು.

ಒಂದು: ಹೊಳೆದ ಉಪಾಯಕ್ಕೆ ಪೇಟೆಂಟು ಬೇಕೆಂಬ ಇಚ್ಛೆಯಿದ್ದರೆ ಅರ್ಜಿಗೆ ಮುನ್ನ ಅದನ್ನು ಬಹಿರಂಗಪಡಿಸಬಾರದು. ಕೇರಳದ ಶಾಲಾ ಶಾಸ್ತ್ರೋತ್ಸವದಂಥ ವೇದಿಕೆಯಲ್ಲಿ ಪ್ರದರ್ಶಿಸಿ, ವಿವರಿಸಿ, ಪತ್ರಿಕೆಯಲ್ಲಿ ವರದಿಯಾದ ಬಳಿಕ ನವೀನತೆಗೆ ಬಾಧೆ ಬರಬಹುದು. ಪ್ರದರ್ಶನಗಳಿಗೆ ಕಾಯಿದೆಯಲ್ಲಿ 12 ತಿಂಗಳ ವಿನಾಯಿತಿಯೊಂದಿದೆ. ಆದರೆ ಅದು ಕೇಂದ್ರ ಸರಕಾರವು ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಅನ್ವಯಿಸುವಂಥದು. ತಾತ್ಕಾಲಿಕ ವಿವರಣಪತ್ರವನ್ನು ಮೊದಲು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣಪತ್ರವನ್ನು ಕೊಡುವ ಅವಕಾಶವನ್ನು ಇಂಥಲ್ಲಿ ಬಳಸಿಕೊಳ್ಳಬಹುದು.

ಎರಡು: ಪೇಟೆಂಟು ಕಛೇರಿಗಳು ಕೋಲ್ಕತಾ, ದೆಹಲಿ, ಮುಂಬಯಿ ಮತ್ತು ಚೆನ್ನೈಗಳಲ್ಲಿವೆ. ಕೇರಳ, ಕರ್ನಾಟಕ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳ ಅರ್ಜಿದಾರರಿಗೆ ಚೆನ್ನೈ ಕಛೇರಿ. ಮಹಾರಾಷ್ಟ್ರ, ಗೋವೆಗಳವರಿಗೆ ಮುಂಬಯಿ ಕಛೇರಿ. ವ್ಯಕ್ತಿಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ದೊಡ್ಡ ಕಂಪೆನಿಗಳಿಗಿಂತ ಶುಲ್ಕ ಕಡಿಮೆ. ಅರ್ಜಿಯು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು.

ಮೂರು: ಕಡೆಯ ಮಾತನ್ನು ಕೇಳಿ ಕನ್ನಡ ಮಾಧ್ಯಮದ ಮಕ್ಕಳು ಎದೆಗುಂದಬೇಕಾಗಿಲ್ಲ. ಅರ್ಜಿಯ ಭಾಷೆಗೆ ವಕೀಲರ, ಅನುವಾದಕರ ನೆರವು ದೊರಕೀತು. ಗೋಡೆ ಏಕೆ ಬೇಕಾಯಿತು, ಅದು ಯಾವುದನ್ನು ತಡೆಯುತ್ತದೆ, ತಡೆದಾಗ ಹೊಸದಾಗಿ ಯಾವ ತೊಡಕು ಬಂತು, ಆ ತೊಡಕನ್ನು ತಾನು ಹೇಗೆ ನೀಗಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಅನುವಾದಕರು ಕೊಡಲಾರರು. ಅದನ್ನು ಮಾಡಿದವನೇ ತನಗೆ ಚೆನ್ನಾಗಿ ತಿಳಿದ ಭಾಷೆಯಲ್ಲಿ, ಅಂಕೆಸಂಖ್ಯೆಗಳ ಸಹಿತ, ತಾರೀಕು ಹಾಕಿ ನೋಟುಪುಸ್ತಕದಲ್ಲಿ ಬರೆದಿಡಬೇಕು. ಆ ಬರಹ ಕನ್ನಡದಲ್ಲಿ ಸ್ಪಷ್ಟವಾಗಿದ್ದರೆ ಮಿಕ್ಕ ಭಾಷೆಗಳಲ್ಲಿಯೂ ಸ್ಪಷ್ಟವಾಗಿ ಬರುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೋಟಾರು ಹಳೆಯದು, ನಿಯಂತ್ರಕ ಹಳೆಯದು, ಉಷ್ಣನಿರೋಧಕವೂ ಹಳೆಯದು. ಇವನ್ನು ಕೂಡಿಸಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಕೂಡಿಸಿದಾಗ ಎದುರಾದ ತೊಡಕನ್ನು ಇತರರಿಗೆ ಸುಲಭವಾಗಿ ಹೊಳೆಯದ ರೀತಿಯಲ್ಲಿ ಬಿಡಿಸಿದಾಗ, ಬಿಡಿಸಿದ್ದನ್ನು ಬಚ್ಚಿಡದೆ ಬರೆದಾಗ, ಬರೆದಷ್ಟನ್ನೇ ಕೇಳಿದಾಗ ಅದು ಹುಟ್ಟುತ್ತದೆ. ಪರೀಕ್ಷಕರ ಆಕ್ಷೇಪಣೆಯು ಆವಿಷ್ಕಾರಕನಿಗೆ ಶತ್ರುವೆನಿಸಬೇಕಾಗಿಲ್ಲ; ತನ್ನ ಕೆಲಸದಲ್ಲಿ ತನ್ನದೆನ್ನಬಹುದಾದ ಅಂಶ ಯಾವುದೆಂಬುದನ್ನು ಅದು ಅವನಿಗೇ ತೋರಿಸಿಕೊಡುತ್ತದೆ.

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶಾಲೆಯ ಪ್ರಯೋಗಾಲಯದಿಂದ ಅಂಥ ಬರಹವುಳ್ಳ ನೋಟುಪುಸ್ತಕಗಳು ಹೊರಬರಲಿ ಎಂದು ಹಾರೈಸೋಣ.

ಮನನಕ್ಕೆ ಪ್ರಶ್ನೆಗಳು

1. ಲೇಖನದಲ್ಲಿ ಹೇಳಿದ ಪ್ಲಾಸ್ಟಿಕ್ ಗೋಡೆಯ ದಪ್ಪವನ್ನು 10 ಮಿಲಿಮೀಟರಿಗೆ ಹೆಚ್ಚಿಸಿದರೆ ದಾಟುವ ಉಷ್ಣವೆಷ್ಟು? ಆಗ ನಿಯಂತ್ರಕದ ಸ್ವಂತ ಉಷ್ಣದ ಸಮಸ್ಯೆಯು ಪರಿಹಾರವಾಗುವುದೇ?

2. ಮೂರು ತಂತಿಗಳ ಉದ್ದವನ್ನು 3 ಸೆಂಟಿಮೀಟರಿನಿಂದ 6 ಸೆಂಟಿಮೀಟರಿಗೆ ಏರಿಸಿದರೆ ಅವುಗಳಲ್ಲಿ ದಾಟುವ ಉಷ್ಣವೆಷ್ಟಾದೀತು?

3. ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ಉಪಕರಣವನ್ನು ಆರಿಸಿ, ಅದರ ಅಂಗಗಳನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಒಂದೇ ವಾಕ್ಯದ ಹಕ್ಕುಕೋರಿಕೆಯಾಗಿ ಬರೆಯಿರಿ. ಬಳಿಕ ಆ ವಾಕ್ಯದಿಂದ ಒಂದು ಪದವನ್ನು ತೆಗೆದರೆ ಹಕ್ಕಿನ ಗಡಿ ಹಿಗ್ಗುವುದೋ ಕುಗ್ಗುವುದೋ ಎಂದು ಚರ್ಚಿಸಿರಿ.